ಸೀದ ಅನ್ನಕ್ಕೆ ಒನ್ಸ್ ಮೋರ್

ಹಾಸ್ಯ ಮನುಷ್ಯನನ್ನು ತಿದ್ದುತ್ತದೆ ಎಂದು ಪಾಂಡವಪುರದ ಕಾಲೇಜಿನಲ್ಲಿ ವರ್ಷಗಟ್ಟಲೆ ಪಾಠ ಹೇಳಿದವಳು ನಾನು. ಫ್ರೆಂಚರ ಹಳೆಯ ನಾಟಕಗಳೇ ಉದಾಹರಣೆ. ಅವುಗಳಲ್ಲಿ ಜಿಪುಣನನ್ನು ನೋಡಿ ನಗುತ್ತೇವೆ, ಢೋಂಗಿ ಭಕ್ತನನ್ನು ನೋಡಿ ನಗುತ್ತೇವೆ, ಆಮೇಲೆ ಓದಿದ ಹೆಂಗಸನ್ನು ನೋಡಿಯೂ ನಗುತ್ತೇವೆ. ಜಿಪುಣತನದ ಸಾಲಿಗೆ ಓದು ಹೇಗೆ ಬಂತು ಎಂದು ಕೇಳಿದರೆ ಹುಡುಗಿಯರು, "ಪರೀಕ್ಷೆಗೆ ಬರುತ್ತಾ ಮೇಡಂ?" ಅನ್ನುತ್ತಾರೆ.

ನನ್ನ ತವರು ಕ್ಯಾತನಹಳ್ಳಿ. ಅಲ್ಲಿ ಪೌರಾಣಿಕ ನಾಟಕ ಆಡುವ ಗಂಡಸರಿಗೆ ಹೋದ ವರ್ಷ ಯಾರೋ ಅಂಥದೇ ಒಂದು ಫ್ರೆಂಚ್ ನಾಟಕವನ್ನು ಕನ್ನಡಕ್ಕಿಳಿಸಿ ಕೊಟ್ಟರು. ಪಾರ್ಟು ಕಟ್ಟಿದವರೆಲ್ಲ ಊರಿನವರೇ. ಓದುವ ಹುಚ್ಚಿನ ಹೆಂಡತಿಯ ಪಾರ್ಟಿಗೆ ಮಾತ್ರ ವಾಡಿಕೆಯಂತೆ ಮಂಡ್ಯದಿಂದ ನಟಿ ಬಂದಿದ್ದಳು. ಊರ ಹೆಣ್ಣು ಸ್ಟೇಜು ಹತ್ತಿದರೆ ಮರ್ಯಾದೆ ಹೋಗುತ್ತದಲ್ಲ!

ಅಣ್ಣ ಮುಂದಿನ ಸಾಲಿನಲ್ಲಿದ್ದ. ಹೆಂಗಸರ ಕಡೆ, ನನ್ನ ಪಕ್ಕದಲ್ಲಿ, ಅವನ ಸೊಸೆ. ಅವಳಿಗೆ ಮೈಸೂರಿನಲ್ಲಿ ಎಂ.ಎ. ಸೀಟು ಸಿಕ್ಕಿತ್ತು. ಸೋಮವಾರ ಹೋಗಿ ಸೇರಬೇಕು. ಅಣ್ಣನೂ ಹೂಂ ಅಂದಿದ್ದ.

ಸ್ಟೇಜಿನ ಮೇಲೆ ಹೆಂಡತಿ ಪುಸ್ತಕ ಓದುತ್ತ ಕೂತಳು, ಕೆಂಪು ಬಲ್ಬಿನ ಒಲೆಯ ಮೇಲೆ ಅನ್ನ ಸೀದಿತು. ಗಂಡ ಬಂದವನೇ ಪುಸ್ತಕ ಕಿತ್ತು ಒಲೆಗೆಸೆದು, ಅವಳ ಜುಟ್ಟು ಹಿಡಿದು ಮಸಿ ಮಡಕೆಗೆ ಮುಖ ತಿಕ್ಕಿದ. "ಒನ್ಸ್ ಮೋರ್!" ಎಂದು ಜನ ಕೂಗಿದರು. ನಮ್ಮ ಕಡೆ ಒಳ್ಳೆಯ ಹಾಡಿಗೆ ಹಾಗೆ ಕೂಗಿ ಮತ್ತೆ ಹಾಡಿಸುವುದು ರೂಢಿ. ಇಲ್ಲಿ ಹಾಡೇ ಇರಲಿಲ್ಲ. ಆದರೂ ಹಾರ್ಮೋನಿಯಂ ಮೇಷ್ಟ್ರು ಶ್ರುತಿ ಹಿಡಿದರು. ನಟಿ ಮುಖ ಒರೆಸಿಕೊಂಡು, ಒಲೆಯಿಂದ ತಾನೇ ಪುಸ್ತಕ ಎತ್ತಿ ಕೊಡವಿ, ಮತ್ತೆ ಓದಲು ಕೂತಳು. ಮತ್ತೆ ಮಡಕೆ, ಮತ್ತೆ ಕೂಗು. ಎಲ್ಲರಿಗಿಂತ ಗಟ್ಟಿಯಾಗಿ ಅಣ್ಣನ ಗಂಟಲು. ನಗುವ ಹೆಂಗಸನ್ನು ನಂಬಬಾರದು ಎಂದು ಗಾದೆ ಕಟ್ಟಿದ ಜನ, ಹೆಂಗಸನ್ನು ನೋಡಿ ನಗುವ ಗಂಡಸಿನ ಬಗ್ಗೆ ತುಟಿ ಬಿಚ್ಚಿಲ್ಲ. ಸುತ್ತ ಇದ್ದ ಹೆಂಗಸರೂ ಸೆರಗು ಬಾಯಿಗಿಟ್ಟು ನಗುತ್ತಿದ್ದರು, ಥೂ. ಸೊಸೆ ಮೊದಲ ಸಲ ನಕ್ಕಳು. ಆಮೇಲೆ ನಗಲಿಲ್ಲ.

ಬೆಳಿಗ್ಗೆ ಕಾಫಿ ಕುಡಿಯುತ್ತ ಅಣ್ಣ ಸೊಸೆಗೆ, "ಮೈಸೂರ್ಗೆ ಓಗು ಕಣವ್ವಾ, ಅನ್ನ ಸೀದೋಗದಂಗೆ ನೋಡ್ಕೋ," ಅಂದ. ಮನೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳ ಗಂಡ "ಒನ್ಸ್ ಮೋರ್!" ಅಂದ. ಅಣ್ಣ ಅದೇ ಮಾತನ್ನು ಇನ್ನೊಮ್ಮೆ ಹೇಳಿದ.

"ಬುಡಿ ಮಾವ, ನಾ ಓಗಾಕಿಲ್ಲ," ಅಂದಳು ಸೊಸೆ.

"ಅಯ್ಯೋ, ತಮಾಸೆಗಂದೆ ಕಣವ್ವಾ. ನಾ ಬ್ಯಾಡ ಅಂದ್ನಾ?"

ಅವನು ಬೇಡ ಅಂದಿರಲಿಲ್ಲ, ನಿಜ. ಹಿತ್ತಲಲ್ಲಿ ಅವಳನ್ನು ನಿಲ್ಲಿಸಿಕೊಂಡು, "ಯಾರೂ ತಡೀತಿಲ್ವಲ್ಲೇ, ಹೋಗು," ಎಂದೆ.

"ತಡೆದಿದ್ರೆ ಜಗಳ ಆಡ್ಬೋದಿತ್ತು ಅತ್ತೆ," ಅಂದಳು. "ನಗ್ತಾವ್ರಲ್ಲ, ಏನ್ ಮಾಡದು?"

ಸೋಮವಾರ ಬೆಳಗಿನ ಬಸ್ಸಿಗೆ ನಾನೊಬ್ಬಳೇ ಹತ್ತಿದೆ.