ಹಿಮದ ದ್ವೀಪ ಸುತ್ತಿ ರಾಣೆಬೆನ್ನೂರಿಗೆ

ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ, ಸ್ವಲ್ಪ ಹೊತ್ತು ಕೂತು ನೀರು ಕುಡಿದು ಹೋಗಬೇಕು ಎಂದು ನನ್ನ ತವರಿನಲ್ಲಿ ಹೇಳುತ್ತಿದ್ದರು. ಬ್ಯಾಡಗಿಗೆ ಸೊಸೆಯಾಗಿ ಬಂದ ವರ್ಷವೇ ಆ ಶಾಸ್ತ್ರ ಬಿಟ್ಟೆ. ಪಾಲಿಸಿದರೆ ಮೆಣಸಿನಕಾಯಿ ಸೀಜನ್ನಿನಲ್ಲಿ ಇಲ್ಲಿ ಯಾರೂ ಹೊಸ್ತಿಲು ದಾಟುವಂತಿಲ್ಲ. ಊರಿಗೆ ಊರೇ ಸೀನುತ್ತದೆ. ಮದುವೆ ಮಾಡಿಸುವ ಅಯ್ಯನವರು ಸೀನುತ್ತಾರೆ, ಬ್ಯಾಂಕಿನ ಮ್ಯಾನೇಜರು ಸೀನುತ್ತಾರೆ, ಹೊಸದಾಗಿ ವರ್ಗವಾಗಿ ಬಂದ ಪೊಲೀಸಿನವರು ಕಣ್ಣೊರೆಸಿಕೊಳ್ಳುತ್ತ ಟ್ರಾಫಿಕ್ ಬಿಡಿಸುತ್ತಾರೆ. ಸೀಜನ್ ಮುಗಿದರೂ ಕೋಲ್ಡ್ ಸ್ಟೋರೇಜಿನ ಕಾಯಿ, ಪುಡಿ ಮಾಡುವ ಗಿರಣಿ ಇದ್ದೇ ಇರುತ್ತವೆ.

ನಮ್ಮದು ದಲಾಲಿ ಅಂಗಡಿ. ರೈತರು ತಂದ ಮೆಣಸಿನಕಾಯಿಯನ್ನು ಮಾರಿಸಿಕೊಡುವುದು ಕೆಲಸ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಚೀಲಗಳ ರಾಶಿ. ನಮ್ಮ ಯಜಮಾನರಿಗೆ ಆ ಘಾಟು ಸಾಕ್ಷಾತ್ ಲಕ್ಷ್ಮಿ. ಹೀಗಾಗಿ ನಮ್ಮ ಮನೆಯಲ್ಲಿ ಕೆಮ್ಮಬಹುದು, ಆದರೆ ಮೆಣಸಿನಕಾಯಿಯಿಂದ ಕೆಮ್ಮು ಬಂತು ಎನ್ನಬಾರದು. ಮೊಸರಿನಿಂದ ಬಂತು ಎನ್ನಬೇಕು, ತಣ್ಣೀರಿನಿಂದ ಬಂತು ಎನ್ನಬೇಕು, ಏನೂ ಹೊಳೆಯದಿದ್ದರೆ ವಯಸ್ಸಿನಿಂದ ಬಂತು ಎನ್ನಬೇಕು. ನನಗೆ ದಮ್ಮು ಹತ್ತಿ, ಮಾಳಿಗೆಯ ಮೆಟ್ಟಿಲು ಏರುವಾಗ ನಡುವೆ ಕೂತು ಸುಧಾರಿಸಿಕೊಳ್ಳುವ ಕಾಲ ಬಂದಾಗಲೂ ಇವರು ಕೊಟ್ಟ ಔಷಧ ಒಂದೇ: "ಮೈಯಾಗ ಆಲಸ ಬಂದೈತಿ, ಒಂದೀಟು ನಡದಾಡು."

ಕಡೆಗೆ ಹಾವೇರಿಯ ಡಾಕ್ಟರ ಹತ್ತಿರ ಹೋದೆವು. ಅವರು ಎದೆ, ಬೆನ್ನು ಎರಡನ್ನೂ ಪರೀಕ್ಷಿಸಿ, ನನ್ನನ್ನು ಬಿಟ್ಟು ಇವರನ್ನೇ ನೋಡಿ ಹೇಳಿದರು: "ಗುಳಗಿ ನಾ ಕೊಡತೇನ್ರಿ ಸಾವಕಾರ್ರ. ಆದ್ರ ಅವ್ವಾರು ಬ್ಯಾಡಗ್ಯಾಗ ಇರೂದು ಬ್ಯಾಡ. ರಾಣೆಬೆನ್ನೂರದಾಗ ಒಂದು ಮನಿ ಹಿಡೀರಿ, ನೀವು ದಿನಾ ಓಡಾಡ್ರಿ. ಹಿಂಗ ಬಿಟ್ರ ಮುಂದ ಭಾಳ ತ್ರಾಸ ಆಕ್ಕೈತಿ."

ಮೋಟೆಬೆನ್ನೂರಿನಲ್ಲಿ ಕಾರು ಬ್ಯಾಡಗಿಯ ಕಡೆ ತಿರುಗಿತು. ಆಮೇಲೆ ಇವರ ಮಾತು ಶುರುವಾಯಿತು. "ಬ್ಯಾಡಗಿ ದಲಾಲನ ಮನಿ ರಾಣೆಬೆನ್ನೂರದಾಗ ಅಂದ್ರ ಮಂದಿ ಏನಂದಾರು? ಮತ್ತ ನಮ್ಮ ಕಾಯಿಗೆ ಖಾರ ಎಲ್ಲೈತಿ? ಇರೂದು ಬರೇ ಬಣ್ಣ. ಬಣ್ಣದಿಂದ ಯಾರಿಗರೆ ದಮ್ಮು ಬಂದೈತೇನು?"

ಒಂದು ಪೂರ್ತಿ ಜಗಳಕ್ಕೆ ಸಾಲುವಷ್ಟು ಉಸಿರು ಆಗ ನನ್ನಲ್ಲಿರಲಿಲ್ಲ.

ಸೀಜನ್ ಇಳಿದ ಮೇಲೆ ಒಂದು ದಿನ ಇವರು ಹುಬ್ಬಳ್ಳಿಯಿಂದ ಬಣ್ಣದ ಪುಸ್ತಿಕೆ ಹಿಡಿದುಕೊಂಡು ಬಂದರು. ತುಂಬ ಬಿಳಿ, ಸ್ವಲ್ಪ ನೀಲಿ, ನಡುವೆ ಆಟಿಕೆಯಂಥ ಹಡಗು. ಉತ್ತರ ಧ್ರುವದ ಕಡೆಯ, ಜನವಸತಿ ಇಲ್ಲದ ದ್ವೀಪಗಳ ಪ್ರವಾಸ. ದುಡ್ಡು ಕಟ್ಟಿಯೂ ಆಗಿತ್ತು. "ಇಡೀ ಜಗತ್ತಿನಾಗ ಇದಕ್ಕಿಂತ ಸ್ವಚ್ಛ ಹವಾ ಇಲ್ಲಂತ. ಅಲ್ಲೂ ನಿನಗ ದಮ್ಮು ಹತ್ತಿದ್ರ ಮೆಣಸಿನಕಾಯಿದು ತಪ್ಪಿಲ್ಲ ಅಂತ ಆತು. ಹತ್ತಲಿಲ್ಲಂದ್ರ, ಬಂದ ಮ್ಯಾಲ ಮನಿ ವಿಚಾರ ಮಾಡೋಣ," ಎಂದರು. ಚಳಿಗೆ ದಮ್ಮು ಹೆಚ್ಚಾಗಲೂಬಹುದು ಎಂದು ಡಾಕ್ಟರು ಫೋನಿನಲ್ಲಿ ಎಚ್ಚರಿಸಿದಾಗ ಇವರ ಮುಖ ಇನ್ನಷ್ಟು ಅರಳಿತು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ರಾಣೆಬೆನ್ನೂರು ಆ ಗಿಡ. ಬಸ್‌ಸ್ಟ್ಯಾಂಡಿಗೆ ಹೋಗಿ ನಿಂತರೆ ಅಲ್ಲಿಗೆ ಬಸ್ಸು ಸಿಗುತ್ತದೆ. ಅದನ್ನು ಹತ್ತುವುದು ತಪ್ಪಲೆಂದು ಈ ಮನುಷ್ಯ ಭೂಮಿಯ ನೆತ್ತಿ ಏರಲು ತಯಾರಾದರು. ಓಣಿಯವರು ಕಾಶಿಗೆ ಕಳಿಸುವಂತೆ ಮಾಲೆ ಹಾಕಿ ಕಳಿಸಿದರು. ಅಲ್ಲಿ ಯಾವ ದೇವರಿದ್ದಾನೆ ಎಂದು ಎದುರುಮನೆಯಾಕೆ ಕೇಳಿದಳು. ಯಾರೂ ಇಲ್ಲ ಎಂದೆ. ದೇವರಿಲ್ಲದ ಊರಿಗೆ ಇಷ್ಟು ಖರ್ಚು ಮಾಡಿ ಹೋಗುವವರನ್ನು ಆಕೆ ಅದೇ ಮೊದಲು ನೋಡಿದ್ದು.

ಹಡಗು ನಿಜವಾಗಿಯೂ ಸಣ್ಣದು. ನಾರ್ವೆ ದಾಟಿ ಮೇಲಕ್ಕೆ ಹೋಗಿ, ಸಮುದ್ರ ಒಪ್ಪಿದ ಕಡೆ ನಿಲ್ಲುತ್ತದೆ. ಅಲ್ಲಿಂದ ರಬ್ಬರಿನ ದೋಣಿಯಲ್ಲಿ ದ್ವೀಪಕ್ಕೆ ಕರೆದೊಯ್ಯುತ್ತಾರೆ. ಜೊತೆಗಿದ್ದವರು ಹೆಚ್ಚಾಗಿ ವಯಸ್ಸಾದ ಬಿಳಿಯರು, ಕೊರಳಲ್ಲಿ ದುರ್ಬೀನು. ಒಂದು ಹಕ್ಕಿ ಕಂಡರೆ ಗರ್ಭಗುಡಿಯಲ್ಲಿ ನಿಂತವರಂತೆ ಪಿಸುಗುಟ್ಟುತ್ತಿದ್ದರು. ಅವರ ನಡುವೆ ನಮ್ಮ ಯಜಮಾನರು ಹಣೆಗೆ ವಿಭೂತಿ ಹಚ್ಚಿ, ಉಣ್ಣೆಯ ಕೋಟು ತೊಟ್ಟು, ಕೈ ಹಿಂದೆ ಕಟ್ಟಿಕೊಂಡು ಮೆಣಸಿನಕಾಯಿ ಹರಾಜಿಗೆ ಬಂದವರ ಹಾಗೆ ಓಡಾಡಿದರು. ಆ ಕೋಟಿನಿಂದಲೇ ಎಲ್ಲ ಆದದ್ದು.

ದ್ವೀಪಕ್ಕೆ ಇಳಿಯುವ ಮೊದಲು ಎಲ್ಲರ ಬಟ್ಟೆ, ಚೀಲ, ಬೂಟುಗಳನ್ನು ಪರೀಕ್ಷಿಸಬೇಕಂತೆ. ಹೊರಗಿನ ಒಂದು ಬೀಜವೂ ಆ ನೆಲಕ್ಕೆ ಬೀಳಬಾರದು ಎಂದು ಪ್ರವಾಸದ ಮುಖ್ಯಸ್ಥೆ, ಬಿದಿರಿನಂತೆ ಎತ್ತರದ ಹೆಂಗಸು, ವಿವರಿಸಿದಳು. ನನ್ನ ಕಾಲೇಜಿನ ಇಂಗ್ಲಿಷಿಗೆ ಅಷ್ಟು ತಿಳಿಯಿತು. ನನ್ನ ಕೋಟು ಹುಬ್ಬಳ್ಳಿಯಲ್ಲಿ ಕೊಂಡ ಹೊಸದು, ಕೂಡಲೇ ಪಾಸಾಯಿತು. ಇವರದು ಚಳಿಗಾಲದ ಕೋಟು. ಬ್ಯಾಡಗಿಯಲ್ಲಿ ಚಳಿಗಾಲವೆಂದರೆ ಮೆಣಸಿನಕಾಯಿ ಸೀಜನ್. ಎಷ್ಟೋ ವರ್ಷ ಅದನ್ನೇ ತೊಟ್ಟು ರಾಶಿಗೆ ಕೈ ಹಾಕಿ, ಕಾಯಿ ಮುರಿದು, ಬೀಜ ನೋಡಿ, ಜೇಬಿಗೆ ಬಿಟ್ಟುಕೊಂಡವರು ಇವರು.

ಮುಖ್ಯಸ್ಥೆ ಜೇಬು ಹೊರಗೆಳೆದಳು. ಬೀಜಗಳು ಉದುರಿದವು. ಇನ್ನೊಂದು ಜೇಬು, ಇನ್ನಷ್ಟು ಬೀಜ. ಅಸ್ತರಿನ ಒಳಗೂ ಇದ್ದವು. ಆಕೆ ವ್ಯಾಕ್ಯೂಮ್ ಯಂತ್ರ ಹಚ್ಚಿದಳು. ಯಂತ್ರ ಮುಂದಿನಿಂದ ಎಳೆದುಕೊಂಡ ಪುಡಿಯನ್ನು ಹಿಂದಿನಿಂದ ಕೋಣೆಗೆ ಬಿಟ್ಟಿತು. ಮೊದಲು ಆಕೆ ಸೀನಿದಳು, ಆಮೇಲೆ ಹಿಮಕರಡಿ ಬಂದೀತೆಂದು ಬಂದೂಕು ಹಿಡಿದಿದ್ದ ಕಾವಲುಗಾರ, ಆಮೇಲೆ ಹಕ್ಕಿಯವರೆಲ್ಲ ಸಾಲಾಗಿ. ನನ್ನ ಎದೆಯೂ ಸಿಳ್ಳೆ ಹಾಕತೊಡಗಿತು. ಇಡೀ ಕೋಣೆಯಲ್ಲಿ ಕಣ್ಣಲ್ಲಿ ನೀರಿಲ್ಲದೆ ನಿಂತವರು ಇವರೊಬ್ಬರೇ.

"ಈ ಹಿಮದಾಗ ಮೆಣಸಿನಗಿಡ ಹುಟ್ಟತೈತೇನಂತ ಕೇಳು ಆಕೀನ," ಎಂದರು ನನಗೆ. "ಹುಟ್ಟಿದ್ರ ನಾನ ಬಂದು ಅಂಗಡಿ ತಗೀತೇನಿ."

ಕೋಟು, ಮಫ್ಲರ್, ಟೊಪ್ಪಿಗೆ ಮೂರನ್ನೂ ತೊಳೆಯಬೇಕು, ಇವತ್ತಿಗೆ ಹಡಗಿನ ಕೋಟು ಕೊಡುತ್ತೇವೆ ಎಂದಳು ಆಕೆ. ಮಂದಿಯ ಅಂಗಿ ತೊಡುವವನು ನಾನಲ್ಲ ಎಂದರು ಇವರು. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ. ಮೀಸೆಯ ಸಮೇತ ಹಡಗಿನಲ್ಲೇ ಉಳಿದರು. ನಾನು ಒಬ್ಬಳೇ ದೋಣಿ ಹತ್ತಿದೆ. ಮದುವೆಯಾದ ಮೇಲೆ ಹಾವೇರಿಯ ಸಂತೆಗೂ ಒಬ್ಬಳೇ ಹೋದವಳಲ್ಲ.

ದಡದಲ್ಲಿ ಕಲ್ಲು, ಪಾಚಿ, ಅಲ್ಲಲ್ಲಿ ಹಿಮ, ಮುಂದೆ ಒಂದು ದಿಬ್ಬ. ಮೊದಲ ಉಸಿರಿಗೆ ಚಳಿ ಗಂಟಲನ್ನು ಕೊಯ್ದಂತಾಯಿತು. ಮುಗೀತು, ಮೆಣಸಿನಕಾಯಿ ಗೆದ್ದಿತು ಎಂದುಕೊಂಡೆ. ಮೂಗಿಗೆ ಶಾಲು ಸುತ್ತಿ, ಔಷಧದ ಪಂಪನ್ನು ಕೈಯಲ್ಲಿ ಹಿಡಿದು, ಎಲ್ಲರ ಹಿಂದೆ ಮೆಲ್ಲಗೆ ಹೆಜ್ಜೆ ಇಟ್ಟೆ. ನಡುವೆ ಕೂರಲು ಒಂದು ಕಲ್ಲನ್ನೂ ಗೊತ್ತು ಮಾಡಿಕೊಂಡಿದ್ದೆ. ಆ ಕಲ್ಲು ದಾಟಿ ಹೋದದ್ದು ತಿಳಿಯಲೇ ಇಲ್ಲ. ಮೇಲೆ ನಿಂತು ತಿರುಗಿದಾಗ ಹಡಗು ಕೆಳಗೆ ಚಿಕ್ಕದಾಗಿ ಕಂಡಿತು. ಎದೆಯಲ್ಲಿ ಸಿಳ್ಳೆ ಇರಲಿಲ್ಲ. ಗಾಳಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು, ಅಷ್ಟೇ. ಉಳಿದವರು ಹಕ್ಕಿಗಳನ್ನು ನೋಡಿದರು. ನಾನು ನಿಂತು ಅತ್ತೆ. ಸಂತೋಷಕ್ಕಲ್ಲ, ಸಿಟ್ಟಿಗೆ. ಇಷ್ಟು ವರ್ಷ ನನ್ನದನ್ನು ಆಲಸ್ಯವೆಂದು ನಾನೂ ನಂಬಿಬಿಟ್ಟಿದ್ದೆನಲ್ಲ ಎಂಬ ಸಿಟ್ಟು.

ಮರಳಿ ಹಡಗು ಹತ್ತಿದಾಗ ಇವರು ಮೇಲಿನ ಡೆಕ್ಕಿನ ಕಂಬಿಯ ಹತ್ತಿರ ಕಂಬಳಿ ಹೊದ್ದು ಕೂತಿದ್ದರು. ಮಡಿಲಲ್ಲಿ ಯಾರದೋ ದುರ್ಬೀನು.

"ನಡುವ ಎಲ್ಲೂ ಕುಂದರಲಿಲ್ಲ ನೀ," ಎಂದರು.

"ಇಲ್ಲರಿ."

"ದಮ್ಮು?"

"ಬರಲಿಲ್ಲರಿ."

ದುರ್ಬೀನಿನ ಗಾಜನ್ನು ಕಂಬಳಿಯಿಂದ ಒರೆಸಿದರು. ಊಟಕ್ಕೆ ಗಂಟೆ ಬಾರಿಸುವವರೆಗೆ ಒರೆಸುತ್ತಲೇ ಇದ್ದರು. ಮುಂದಿನ ದ್ವೀಪಗಳಿಗೆ ತೊಳೆದ ಕೋಟು ತೊಟ್ಟು ಬಂದರು, ನನ್ನ ಹಿಂದೆ ನಡೆದರು, ಆ ಮಾತನ್ನು ಮಾತ್ರ ಎತ್ತಲಿಲ್ಲ.

ಊರಿಗೆ ಬಂದ ಮೇಲೆ ಅಂಗಡಿಯ ಗಾದಿಯ ಮೇಲೆ ಕೂತು ಕಥೆ ಹೇಳಿದ್ದೇ ಹೇಳಿದ್ದು. ದೂರದಲ್ಲಿ ಹಳದಿ ಚುಕ್ಕಿಯಂತೆ ಕಂಡ ಕರಡಿ ವಾರದಿಂದ ವಾರಕ್ಕೆ ಹಡಗಿನ ಹತ್ತಿರ ಬಂತು. ದಿಬ್ಬದ ಸುದ್ದಿ ಇಲ್ಲ, ಮನೆಯ ಸುದ್ದಿಯೂ ಇಲ್ಲ. ನಾನೂ ಹಟಕ್ಕೆ ಬಿದ್ದು ಕೇಳಲಿಲ್ಲ. ಹೊಸ ಕಾಯಿಯ ಲಾರಿಗಳು ಬರತೊಡಗಿದವು, ನಾನು ಮತ್ತೆ ಕೆಮ್ಮತೊಡಗಿದೆ. ಒಂದು ಮುಂಜಾನೆ ಮಾಳಿಗೆಯ ಮೆಟ್ಟಿಲ ನಡುವೆ ಕೂತು ಉಸಿರಿಗೆ ಒದ್ದಾಡುತ್ತಿದ್ದಾಗ ಕೆಳಗೆ ಇವರು ನಿಂತಿದ್ದರು. ನಡೆದಾಡು ಎನ್ನಲಿಲ್ಲ. ಅದೇ ವಾರ ಬಂದು, "ರಾಣೆಬೆನ್ನೂರದಾಗ ಮನಿ ಹಿಡದೇನಿ. ಸಾಮಾನು ಕಟ್ಟು," ಎಂದು ಹೇಳಿ, ನನ್ನ ಮುಖ ನೋಡದೆ ಅಂಗಡಿಗೆ ಹೋದರು.

ರಾಣೆಬೆನ್ನೂರಿನ ಮನೆ ಚಿಕ್ಕದು, ಗಾಳಿ ಚೆನ್ನಾಗಿದೆ. ಇವರು ಮುಂಜಾನೆ ಹೋಗಿ ಸಂಜೆ ಬರುತ್ತಾರೆ. ಒಂದು ಭಾನುವಾರ ಬ್ಯಾಡಗಿಯ ಎದುರುಮನೆಯಾಕೆ ಬಂದಳು. ಕೈಯಲ್ಲಿ ದೊಡ್ಡ ಚೀಲ. ಇವರು ಅಲ್ಲೇ ಪೇಪರು ಓದುತ್ತಿದ್ದರು. ಆಕೆ ಇವರಿಗೆ ಬೆನ್ನು ತಿರುಗಿಸಿ ಕೂತು, ದನಿ ತಗ್ಗಿಸಿ ಹೇಳಿದಳು:

"ತಪ್ಪು ತಿಳಕೋಬ್ಯಾಡ್ರಿ ಅಕ್ಕಾರ. ಜ್ವಾಳದ ಹಿಟ್ಟು, ಒಂದೀಟು ಬ್ಯಾಳಿ ತಂದೇನಿ. ಹಡಗಿನ ಹುಚ್ಚಿಗೆ ಬಿದ್ದು ಕೈ ಖಾಲಿ ಆತು, ದೊಡ್ಡ ಮನಿ ನಡಸೂದು ಆಗೂದಿಲ್ಲ, ಅದಕ್ಕ ಸಣ್ಣ ಮನಿಗೆ ಹೋಗೇವಿ ಅಂತ ಸಾವಕಾರ್ರು ತಾವ ಪ್ಯಾಟ್ಯಾಗ ಹೇಳಿದ್ರಂತ. ಕೇಳಿದ ಕೂಡಲೆ ಬಸ್ ಹತ್ತಿ ಬಂದೇನ್ರಿ."

ನಮ್ಮ ಕೈ ಖಾಲಿಯಾಗಿರಲಿಲ್ಲ. ಮೆಣಸಿನಕಾಯಿಯಿಂದ ಹೆಂಡತಿಗೆ ದಮ್ಮು ಬಂತು ಎನ್ನುವುದು, ತಾನು ಹೇಳುತ್ತ ಬಂದದ್ದು ಸುಳ್ಳು ಎನ್ನುವುದು, ಎರಡೂ ಈ ಮನುಷ್ಯನ ಬಾಯಲ್ಲಿ ಬರಲಾರವು. ಅದಕ್ಕೆ ಮೂರನೆಯದನ್ನು ಹುಡುಕಿಕೊಂಡಿದ್ದರು. ಕೈ ಖಾಲಿ ಎಂದು ಸುದ್ದಿಯಾದ ದಲಾಲನ ಅಂಗಡಿಗೆ ರೈತರು ಕಾಯಿ ಹಾಕಲು ಹಿಂದೆಮುಂದೆ ನೋಡುತ್ತಾರೆ. ಅದು ನನಗಿಂತ ಇವರಿಗೆ ಚೆನ್ನಾಗಿ ಗೊತ್ತು, ಗೊತ್ತಿದ್ದೇ ಹೇಳಿದ್ದರು.

ಇದ್ದದ್ದನ್ನು ಇದ್ದ ಹಾಗೆ ಹೇಳಲು ಬಾಯಿ ತೆರೆದೆ. ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಹೇಳಬಹುದಿತ್ತು. ಆಕೆಯ ಬೆನ್ನ ಹಿಂದೆ ಪೇಪರು ಸ್ವಲ್ಪ ಕೆಳಗಿಳಿಯಿತು, ಇವರ ಕಣ್ಣು ಕಂಡವು.

"ಏನ್ ಮಾಡೂದವ್ವಾ," ಎಂದೆ. "ಹಡಗು ಅಂದ್ರ ಖರ್ಚು ಭಾಳ."

ಆಕೆಯ ಕೈಯಿಂದ ಹಿಟ್ಟಿನ ಚೀಲ ತೆಗೆದುಕೊಂಡು, ಒಳಗೆ ಹೋಗಿ ಚಹಾಕ್ಕೆ ಇಟ್ಟೆ.