ಯಾರ ಮನಿಗ್ರಿ?

ನಮ್ಮ ಯಾದಗಿರಿ ಕಡೆಯ ಬಸ್ಸುಗಳಲ್ಲಿ ಪ್ರಯಾಣಿಕನ ವಿಚಾರಣೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಕಂಡಕ್ಟರು ಬಂದು 'ಯಾವೂರ್ರಿ?' ಎನ್ನುತ್ತಾನೆ, ಊರಿನ ಹೆಸರು ಕಿವಿಗೆ ಬಿದ್ದೊಡನೆ ಸಂತುಷ್ಟನಾಗಿ ಮುಂದಿನ ಸೀಟಿಗೆ ಸಾಗುತ್ತಾನೆ. ಪಕ್ಕದಲ್ಲಿ ಕುಳಿತವರು ಅಷ್ಟಕ್ಕೇ ಬಿಡುವ ಪೈಕಿಯವರಲ್ಲ. ಎಲೆಯಡಿಕೆಯ ಚೀಲ ಬಿಚ್ಚುತ್ತ, ಮುಖವನ್ನು ಪೂರ್ತಿ ನಮ್ಮತ್ತ ತಿರುಗಿಸಿ, 'ಯಾರ ಮನಿಗ್ರಿ?' ಎಂದು ಕೇಳುತ್ತಾರೆ.

ಈ ಎರಡನೆಯ ಪ್ರಶ್ನೆಗೆ ಉತ್ತರಗಳು ಅನಾದಿಕಾಲದಿಂದ ನಿಗದಿಯಾಗಿವೆ. ಮದುವೆಯ ಮನೆಗೆ ಹೋಗಬಹುದು, ಸತ್ತವರ ಮನೆಗೆ ಹೋಗಬಹುದು. ದವಾಖಾನೆ, ಕೋರ್ಟು, ದೇವರ ಗುಡಿ ಇವುಗಳಿಗೂ ಮಾನ್ಯತೆಯುಂಟು. ಆದರೆ ಐವತ್ತಮೂರು ವರ್ಷದ ಗಂಡಸೊಬ್ಬ, ತಲೆಗೊಂದು ಟೊಪ್ಪಿಗೆ, ಕೊರಳಿಗೊಂದು ದುರ್ಬೀನು ಹಾಕಿಕೊಂಡು, 'ಯಾರ ಮನೆಗೂ ಅಲ್ಲ, ಒಬ್ಬನೇ ಕೆರೆ ಗುಡ್ಡ ನೋಡಿಕೊಂಡು ಬರಲು ಹೊರಟಿದ್ದೇನೆ' ಎಂದರೆ, ಕೇಳಿದವರು ಮೆಲ್ಲಗೆ ಸರಿದು ಕೂರುತ್ತಾರೆ. ಅದು ಗೊತ್ತಿದ್ದೂ ನಾನು ಹೊರಟೆ.

ಹೊರಡಲು ಕಾರಣ ಮತ್ಸರ. ನಮ್ಮ ಪ್ರೌಢಶಾಲೆಯ ತರುಣ ಸಹೋದ್ಯೋಗಿಯೊಬ್ಬರು ಹಿಮಾಲಯದ ತಪ್ಪಲಲ್ಲಿ ಒಬ್ಬರೇ ಬಸ್ಸಿನಲ್ಲಿ ಅಲೆದು ಬಂದು, ಸರೋವರಗಳ ಫೋಟೋಗಳನ್ನು ಸಿಬ್ಬಂದಿ ಕೋಣೆಯಲ್ಲಿ ವಾರಗಟ್ಟಲೆ ತೋರಿಸಿದರು. ಇಪ್ಪತ್ತೆಂಟು ವರ್ಷದಿಂದ ಆ ಸರೋವರಗಳನ್ನು ಸೀಮೆಸುಣ್ಣದಲ್ಲಿ ಬರೆದು ಅಳಿಸುತ್ತ ಬಂದ ಭೂಗೋಳದ ಮಾಸ್ತರ ನಾನು. ಹಿಮಾಲಯ ನನ್ನ ಮೊಣಕಾಲಿಗೆ ನಿಲುಕುವಂಥದ್ದಲ್ಲ. ಆದರೆ ಶಹಾಪುರದಲ್ಲಿ ಮಲಗಿದ ಬುದ್ಧನ ಗುಡ್ಡವಿದೆ, ಸುರಪುರದ ಸುತ್ತ ಬಂಡೆಗಳ ಬೆಟ್ಟಸಾಲಿದೆ, ಅಲ್ಲಿಂದ ಮುಂದೆ ಬೋನಾಳದ ಕೆರೆಯಿದೆ. ಚಳಿಗಾಲಕ್ಕೆ ಎಲ್ಲೆಲ್ಲಿಂದಲೋ ಹಕ್ಕಿಗಳು ಅಲ್ಲಿಗೆ ಬರುತ್ತವೆ. ನಾನೊಬ್ಬನೇ ಇನ್ನೂ ಹೋಗಿರಲಿಲ್ಲ. ಹೆಂಡತಿ ತನ್ನ ತವರಿನ ಮದುವೆಗೆ ಹೋದ ಶನಿವಾರವನ್ನು ನೋಡಿ ರಜೆ ಹಾಕಿದೆ.

ಇಲ್ಲಿ ನಿಮ್ಮಿಂದ ಒಂದು ಸಂಗತಿ ಮುಚ್ಚಿಡುವುದು ಸಲ್ಲದು. ಸುರಪುರದಲ್ಲಿ ನನ್ನ ಅಕ್ಕ ಇದ್ದಾಳೆ, ಒಡಹುಟ್ಟಿದ ಒಬ್ಬಳೇ ಅಕ್ಕ, ಗಂಗಮ್ಮ. ನಾಗರಪಂಚಮಿ ಹಬ್ಬಕ್ಕೆ ಅಕ್ಕನನ್ನು ತವರಿಗೆ ಕರೆತರಲು ತಮ್ಮ ಹೋಗಬೇಕೆಂಬುದು ನಮ್ಮ ಕಡೆ ಎಳೆಮಗುವಿಗೂ ಗೊತ್ತು. ರೋಗದ ಭಯದಲ್ಲಿ ಬಸ್ಸು ನಿಂತ ವರ್ಷ ಹೋಗಲಾಗಲಿಲ್ಲ. ಮರುವರ್ಷ ಹೋಗದಿದ್ದರೂ ನಡೆಯುತ್ತದೆಂದು ತಿಳಿಯಿತು. ಆಮೇಲೆ ಹಬ್ಬದ ಸೀರೆಯನ್ನು ಪೊಟ್ಟಣ ಕಟ್ಟಿ ಸುರಪುರದ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟು, ಅಕ್ಕನಿಗೆ ಫೋನು ಮಾಡುವುದೇ ಪದ್ಧತಿಯಾಯಿತು. ಈಗಲೂ ನನ್ನ ಯೋಜನೆಯಲ್ಲಿ ಅಕ್ಕನ ಮನೆ ಇರಲಿಲ್ಲ. ಹೋದರೆ ಊಟಕ್ಕೆ ಕೂರಿಸುತ್ತಾಳೆ, ಕೆರೆ ತಪ್ಪಿಹೋಗುತ್ತದೆ. ಟೊಪ್ಪಿಗೆ ಕೊಂಡದ್ದು ಬಿಸಿಲಿಗೆಂದು ಅಂಗಡಿಯವನಿಗೆ ಹೇಳಿದೆನಾದರೂ, ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಗುರುತಿನವರಿಗೆ ಮುಖ ಕಾಣದಿರಲೆಂಬ ಕಳ್ಳ ಎಣಿಕೆಯೂ ಅದರಲ್ಲಿತ್ತು.

ಭೀಮಾ ಸೇತುವೆ ದಾಟುವವರೆಗೆ ನನ್ನ ಪ್ರವಾಸ ಅತ್ಯಂತ ರಮಣೀಯವಾಗಿತ್ತು. ಆಮೇಲೆ ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಮಾತಾಡಲಾರಂಭಿಸಿದಳು. ಹೆಸರು ಮಾನಮ್ಮ, ತಿಂಥಣಿಯವಳು. ಗಂಡ ಕೃಷ್ಣೆಯಲ್ಲಿ ಮೀನು ಹಿಡಿಯುತ್ತಾನೆ. ರಾಮಸಮುದ್ರಕ್ಕೆ ಕೊಟ್ಟ ಬಸುರಿ ಮಗಳ ಕುಬಸದ ಶಾಸ್ತ್ರ ಮುಗಿಸಿಕೊಂಡು, ಬೀಗರು ತುಂಬಿ ಕೊಟ್ಟ ಹೋಳಿಗೆಯ ಡಬ್ಬಿಯೊಂದಿಗೆ ಊರಿಗೆ ಮರಳುತ್ತಿದ್ದಾಳೆ. ಇಷ್ಟನ್ನು ತಾನಾಗಿ ಒಪ್ಪಿಸಿದ ಮೇಲೆ ನನ್ನ ಸರದಿ ಬಂತು.

"ಸುರಪುರದಾಗ ಯಾರ ಮನಿಗ್ರಿ, ಸರ?"

ಕೆರೆ, ಗುಡ್ಡ, ಹಕ್ಕಿ ಯಾವುದನ್ನೂ ಹೇಳುವ ಧೈರ್ಯ ಬರಲಿಲ್ಲ. "ಅಕ್ಕನ ಮನಿಗ್ರಿ" ಎಂದೆ.

ಆಕೆ ನನ್ನ ಕೈ ನೋಡಿದಳು, ಕಾಲ ಬುಡ ನೋಡಿದಳು. "ಅಕ್ಕನ ಮನಿಗಿ ಬರಿಗೈಲೆ ಹೊಂಟೀರಿ? ಒಂದು ಸೀರಿಲ್ಲ, ಹಣ್ಣಿಲ್ಲ. ಅಕಿ ಆರಾಮ ಅದಾಳಿಲ್ರಿ?"

ನೋಡಿ, ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ. ಅಕ್ಕನ ಮನೆಗೆ ತಮ್ಮ ಕೈಬೀಸಿಕೊಂಡು ಹೋಗುವುದು ಒಂದೇ ಸಂದರ್ಭದಲ್ಲಿ, ಏನೂ ತೋಚದಷ್ಟು ಗಾಬರಿಯಾದಾಗ. ಇಲ್ಲವೆಂಬಂತೆ ತಲೆಯಾಡಿಸಿದೆ. "ಏನಾಗ್ಯಾದ್ರಿ?" ಎಂದಳು. "ಎದಿನೋವ್ರಿ" ಎಂದೆ. ನಲವತ್ತು ವರ್ಷದಿಂದ ಹೊಲಿಗೆಯಂತ್ರ ತುಳಿಯುತ್ತ ಕಲ್ಲುಗುಂಡಿನಂತಿರುವ ಅಕ್ಕನಿಗೆ, ಶಹಾಪುರ ಇನ್ನೂ ದೂರವಿರುವಾಗಲೇ ಎದೆನೋವು, ಉಬ್ಬಸ, ಡಾಕ್ಟರರ ಕಟ್ಟುನಿಟ್ಟಿನ ಎಚ್ಚರಿಕೆ ಎಲ್ಲವನ್ನೂ ನಾನೇ ಅಂಟಿಸಿದೆ.

"ಯವ್ವಾ! ತಮ್ಮಂದ್ರ ಹಿಂಗಿರಬೇಕ್ ನೋಡ್ರಿ" ಎಂದು ಮಾನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಸುದ್ದಿ ಕೇಳಿದ್ದೇ ತಡ, ಇದ್ದ ಬಟ್ಟಿ ಮ್ಯಾಲ ಓಡಿ ಬಂದೀರಿ. ನನಗೂ ಒಬ್ಬ ತಮ್ಮ ಅದಾನ. ಪಂಚಮಿ ಬಂತಂದ್ರ ಬಾಗಲಾಗ ನಿಂತು ಹಾದಿ ನೋಡತೀನಿ. ಹಾಳಾದಾವ, ಬರಂಗಿಲ್ಲ."

ನನಗೆ ನಿಂತ ನೆಲ ಕುಸಿಯುವಂತಾಯಿತು ಎನ್ನೋಣವೆಂದರೆ ನಾನು ಕುಳಿತಿದ್ದೆ. ಶಹಾಪುರ ಬಂತು. ಆಕೆಯೇ ಕಿಟಕಿಯಾಚೆ ಕೈ ಮಾಡಿ, "ಬುದ್ಧ ಮಲಗ್ಯಾನ ನೋಡ್ರಿ, ಮನಸಿಗಿ ಸಮಾಧಾನ ಆಗತದ" ಎಂದಳು. ಯಾವುದನ್ನು ನೋಡಲೆಂದೇ ಬಂದಿದ್ದೆನೋ ಆ ಗುಡ್ಡ, ತಲೆ ಎದೆ ಹೊಟ್ಟೆ ಎಲ್ಲ ಸ್ಪಷ್ಟವಾಗಿ, ಆಕಾಶಕ್ಕೆ ಮುಖಮಾಡಿ ನಿಶ್ಚಿಂತೆಯಿಂದ ಮಲಗಿತ್ತು. ಅರ್ಧ ನಿಮಿಷವೂ ನೋಡಲಾಗಲಿಲ್ಲ. ನಾಚಿಕೆಯಿಂದ ದುರ್ಬೀನನ್ನು ಅಂಗಿಯೊಳಗೆ ತುರುಕಿಕೊಂಡೆ.

ಸುರಪುರದಲ್ಲಿ ತಿಂಥಣಿಯ ಬಸ್ಸು ಸಿದ್ಧವಾಗಿ ನಿಂತಿತ್ತು. ಇಲ್ಲದಿದ್ದರೆ ಮಾನಮ್ಮ ರೋಗಿಯನ್ನು ನೋಡಲು ನನ್ನ ಹಿಂದೆಯೇ ಬರುವವಳಿದ್ದಳು. ಬಸ್ಸು ಹತ್ತಿದವಳು ಕಿಟಕಿಯಿಂದ ಕೈಚಾಚಿ ಸ್ಟೀಲ್ ಡಬ್ಬಿಯನ್ನು ನನ್ನ ಕೈಯಲ್ಲಿಟ್ಟಳು.

"ಶೇಂಗಾದ ಹೋಳಿಗಿ ಅದಾವ. ಬ್ಯಾನಿ ಬಿದ್ದವರಿಗಿ ಬಾಯಿ ಕೆಟ್ಟಿರತದ, ಒಂದೀಟು ತಿನಸ್ರಿ. ಅಕ್ಕನ ಹೆಸರೇನ್ರಿ? ನಾಳಿ ನಮ್ಮೂರ ಮೌನಯ್ಯನ ಗುಡಿಯಾಗ ಅಕಿ ಹೆಸರ್ಲೆ ದೀಪ ಹಚ್ಚತೀನಿ."

ಬಸ್ಸು ಹೊರಟಿತು. 'ಗಂಗಮ್ಮ' ಎಂದು ಕೂಗಿ ಹೇಳಿದೆ. ಕೂಗಿದ ಮೇಲೆ ಹೆದರಿಕೆಯಾಯಿತು. ಗಟ್ಟಿಮುಟ್ಟಾಗಿರುವ ಅಕ್ಕನ ಹೆಸರನ್ನು ನನ್ನ ಬಾಯಿಂದಲೇ ರೋಗಿಗಳ ಸಾಲಿಗೆ ಸೇರಿಸಿದಂತಾಗಿತ್ತು.

ಡಬ್ಬಿಯ ಮುಚ್ಚಳದ ಮೇಲೆ 'ಮಾನಮ್ಮ, ತಿಂಥಣಿ' ಎಂದು ಕೊರೆದಿತ್ತು. ಅವಳ ಮದುವೆಯ ಡಬ್ಬಿಯಿರಬೇಕು. ಹೆಸರು ಕೊರೆದ ಡಬ್ಬಿಯನ್ನು ಇಟ್ಟುಕೊಳ್ಳುವಂತಿಲ್ಲ, ಮರಳಿಸಬೇಕು. ಮರಳಿಸುವಾಗ ಖಾಲಿ ಕೊಡುವಂತಿಲ್ಲ, ಏನಾದರೂ ತುಂಬಿಯೇ ಕೊಡಬೇಕು. ಚಹಾ ಬಿಟ್ಟರೆ ಮತ್ತೇನೂ ಮಾಡಲು ಬಾರದ ನಾನು ತುಂಬುವುದಾದರೂ ಏನನ್ನು? ಬೋನಾಳದ ಕಡೆ ಹೋಗುವ ಜೀಪಿನವನು ಕೂಗುತ್ತಿದ್ದ. ಒಂದು ಕಾಲು ಅದರ ಮೆಟ್ಟಿಲ ಮೇಲೆ ಇಟ್ಟದ್ದೂ ಹೌದು. ಕೆರೆಯ ದಂಡೆಯಲ್ಲಿ ಕುಳಿತು, ಹಕ್ಕಿ ನೋಡುತ್ತ, ರೋಗಿಯ ಹೋಳಿಗೆಯನ್ನು ತಿನ್ನುವ ನನ್ನನ್ನೇ ಕಲ್ಪಿಸಿಕೊಂಡು ಹೇಸಿಕೆಯಾಯಿತು. ಕಾಲು ಕೆಳಗಿಳಿಸಿ ಅಕ್ಕನ ಮನೆಯ ಹಾದಿ ಹಿಡಿದೆ.

ಅಕ್ಕ ಬಾಗಿಲಿಗೆ ಮುಖಮಾಡಿ ಹೊಲಿಯುತ್ತ ಕುಳಿತಿದ್ದಳು. ನನ್ನನ್ನು ಕಂಡವಳೇ ಯಂತ್ರ ನಿಲ್ಲಿಸಿದಳು. ಎದೆಯ ಮೇಲೆ ಕೈಯಿಟ್ಟುಕೊಂಡು ಎದ್ದು ನಿಂತಳು.

"ಯಾರು ಹೋದ್ರೋ?"

"ಯಾರೂ ಇಲ್ಲಕ್ಕ. ಎಲ್ಲಾರೂ ಆರಾಮ ಅದಾರ."

"ಮತ್ತ ನೀ ಯಾಕ ಬಂದಿ?"

ಸಿಟ್ಟಿನಿಂದ ಕೇಳಿದ್ದಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ನಿಜವಾಗಿಯೂ ತಿಳಿಯದೆ ಕೇಳಿದಳು. ಸಾವಿನ ಸುದ್ದಿಯಿಲ್ಲದೆ ತಮ್ಮ ಮನೆಗೆ ಬಂದಾನೆಂಬುದು ಆಕೆಯ ಲೆಕ್ಕದಲ್ಲೇ ಇರಲಿಲ್ಲ. ನಾನು ಹೊಸ್ತಿಲ ಮೇಲೆಯೇ ಕುಳಿತು ಕೆರೆ, ಟೊಪ್ಪಿಗೆ, ಎದೆನೋವು, ದೀಪ ಎಲ್ಲವನ್ನೂ ಹೇಳಿಬಿಟ್ಟೆ.

ಅಕ್ಕ ಮೊದಲು ನಕ್ಕಳು. ಎದೆನೋವಿನ ವಿವರಗಳನ್ನು ಇನ್ನೊಮ್ಮೆ ಹೇಳಿಸಿಕೊಂಡು ನಕ್ಕಳು. ಆಮೇಲೆ ಹೋಳಿಗೆ ಮುರಿದು ಬಾಯಿಗಿಟ್ಟುಕೊಂಡು, "ಛಲೋ ಮಾಡ್ಯಾರ" ಎಂದು, ಡಬ್ಬಿಯ ಮುಚ್ಚಳ ಹಾಕಿದಳು.

"ಇಷ್ಟು ವರ್ಷ ಬಸ್ ಸ್ಟ್ಯಾಂಡಿಗಿ ಹೋಗಿ ಕಂಡಕ್ಟರ್ ಕೈಲಿಂದ ಸೀರಿ ಇಸಕೊಂಡೀನಿ" ಎಂದಳು. "ನನ್ನ ತವರುಮನಿ ಈಗ ಅದೇ ನೋಡು, ಸುರಪುರ ಬಸ್ ಸ್ಟ್ಯಾಂಡ್."

ತಪ್ಪಾಯಿತೆಂದು ಹೇಳಿದೆ. ಮರುಕ್ಷಣವೇ ಆಜ್ಞೆ ಬಂತು. "ನನಗ ಎದಿನೋವು ಹಚ್ಚಿದಿ, ಹಚ್ಚು. ಆ ಹೆಣ್ಣುಮಗಳಿಗ್ಯಾಕ ಚಿಂತಿ ಹಚ್ಚಿದಿ? ನಾಳಿ ಇಬ್ಬರೂ ಹೋಗಿ ಡಬ್ಬಿ ಕೊಟ್ಟು ಬರಾಮು. ಅಕಿ ಮುಂದ ಖರೇ ಏನದ, ನೀನ ಹೇಳಬೇಕು." ಸಂಜೆ ಅಕ್ಕ ಚಕ್ಕುಲಿ ಕರಿದಳು. ಹಿಟ್ಟು ಒತ್ತುವ ಕೆಲಸ ನನ್ನದಾಯಿತು.

ಮರುದಿನ ತಿಂಥಣಿಯ ಬಸ್ಸಿನಲ್ಲಿ ಕಿಟಕಿಯ ಸೀಟನ್ನು ಅಕ್ಕನಿಗೆ ಬಿಟ್ಟುಕೊಟ್ಟು, ತುಂಬಿದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಮಾನಮ್ಮನಿಗೆ ಹೇಳಬೇಕಾದ ಮಾತನ್ನು ಪಾಠದಂತೆ ಮನಸ್ಸಿನಲ್ಲೇ ಉರುಹೊಡೆಯುತ್ತಿದ್ದೆ. ಪಕ್ಕಕ್ಕೊಬ್ಬ ರುಮಾಲಿನ ಮುದುಕ ಬಂದು ಕುಳಿತ. ಕಂಡಕ್ಟರು ಅತ್ತ ಹೋಗುವುದೇ ತಡ, ಮುಖವನ್ನು ಪೂರ್ತಿ ನಮ್ಮತ್ತ ತಿರುಗಿಸಿದ.

"ಯಾರ ಮನಿಗ್ರಿ?"

ಈ ಸಲವಾದರೂ ನಿಜ ಹೇಳೋಣವೆಂದು ನಾನು ಬಾಯಿ ತೆರೆದೆ. ಅಕ್ಕ ನನಗಿಂತ ಮೊದಲೇ ಹೇಳಿದಳು.

"ತಿಂಥಣಿಯಾಗ ಗುರುತಿನವರ ಮನಿಗ್ರಿ. ಇಂವ ನನ್ನ ತಮ್ಮ. ಯಾದಗಿರಿಯಾಗ ಮಾಸ್ತರ ಅದಾನ. ನನ್ನ ನೋಡಬೇಕಂತ ರಜಾ ಹಾಕಿ ಬಂದಾನ."

ಎಲ್ಲವನ್ನೂ ತಿಳಿದಿದ್ದವಳು, ಬಸ್ಸಿಗೆಲ್ಲ ಕೇಳುವಂತೆ, ಎದೆಯುಬ್ಬಿಸಿ ಹೇಳಿದಳು. "ಪುಣ್ಯವಂತರಿದ್ದೀರಿ ಬಿಡ್ರಿ" ಎಂದ ಮುದುಕ. ಕಿಟಕಿಯಾಚೆ ಸುರಪುರದ ಗುಡ್ಡಗಳು ಬಿಸಿಲಿಗೆ ಬಹಳ ಚಂದ ಕಾಣುತ್ತಿದ್ದವೆಂದು ಆಮೇಲೆ ಅಕ್ಕ ಹೇಳಿದಳು. ನಾನು ತಲೆ ತಗ್ಗಿಸಿ ಡಬ್ಬಿಯ ಮೇಲಿನ ಹೆಸರನ್ನೇ ಓದುತ್ತ ಕುಳಿತಿದ್ದೆ.