ರೈಟ್ ಎನ್ನುತ್ತಿದ್ದ ಕಂಡಕ್ಟರ್

ಲಕ್ವಾ ಹೊಡೆದು ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವ ಸಂಶೋಧನೆಯೊಂದರಲ್ಲಿ ನಾನು ಸಿಂದಗಿಯಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿಗೆ ಮೋರಟಗಿಯಿಂದ ಒಬ್ಬ ಬಸ್ ಕಂಡಕ್ಟರ್ ಬರುತ್ತಿದ್ದರು. ಅವರಿಗೆ ನಮ್ಮ ಮಾತೆಲ್ಲ ತಿಳಿಯುತ್ತಿತ್ತು. ಆದರೆ ಅವರ ಬಾಯಿಂದ ಬರುತ್ತಿದ್ದುದು 'ರೈಟ್' ಎಂಬ ಒಂದೇ ಶಬ್ದ. ಹಸಿವಾದರೂ ರೈಟ್, ಸಿಟ್ಟು ಬಂದರೂ ರೈಟ್.

ಚಿತ್ರ ತೋರಿಸಿ ಹೆಸರು ಕೇಳಿದರೆ ಎಡಮುಷ್ಟಿಯಿಂದ ತೊಡೆ ಗುದ್ದಿಕೊಳ್ಳುತ್ತ, ತುಟಿ ಹೊಂದಿಸಲು ಹೆಣಗಿ ಬೆವರುತ್ತಿದ್ದರು. ಒಂದು ದಿನ ಅವರ ಕಣ್ಣಲ್ಲಿ ನೀರು ಬಂದದ್ದನ್ನು ಕಂಡು, ಜೊತೆಗೆ ಬರುತ್ತಿದ್ದ ಹೆಂಡತಿ ಎದ್ದುನಿಂತರು.

"ಸಾಕ್ ಬಿಡ್ರಿ ಮೇಡಂ. ಮಾತ್ ಬರದಿದ್ರೂ ನಾ ನೋಡ್ಕೋತೇನಿ. ಇವರ ಹೆಸರ ತಗದ್ ಬಿಡ್ರಿ."

ನಿರ್ಧಾರ ಕಂಡಕ್ಟರರದೇ ಆಗಬೇಕಿತ್ತು. "ನಿಲ್ಲಿಸೋಣೇನ್ರಿ ಕಾಕಾ?" ಎಂದು ಕೇಳಿದೆ.

ಅವರು ಜೋರಾಗಿ ತಲೆ ಅಲ್ಲಾಡಿಸಿದರು. ಹೆಂಡತಿಯ ಕೈ ಹಿಡಿದು ಕೂರಿಸಿ, ಚಿತ್ರಗಳನ್ನು ನನ್ನತ್ತ ತಳ್ಳಿ, "ರೈಟ್! ರೈಟ್!" ಎಂದು ಗದರಿದರು. ಮತ್ತೆ ಶುರುಮಾಡಿದೆವು.

ಚಳಿಗಾಲ ಮುಗಿಯುತ್ತಿದ್ದಾಗ, ಎಂದಿನಂತೆ ಹೆಂಡತಿ ನೀರಿನ ಲೋಟ ಹಿಡಿದರು. ಕಂಡಕ್ಟರ್ ಅದನ್ನು ಪಕ್ಕಕ್ಕೆ ಸರಿಸಿದರು. ತುಟಿಗಳು ನಡುಗಿದವು.

"ಚಾ... ಚಾ ಬೇಕ."

ಹೆಂಡತಿ ಅಳುತ್ತಲೇ ನಕ್ಕುಬಿಟ್ಟರು.

"ಅಯ್ಯ, ಇಷ್ಟ್ ದಿನ ನಾ ಬರೇ ನೀರ ಕುಡಿಸೇನಲ್ರಿ!" ಎನ್ನುತ್ತ ಚಹಾದಂಗಡಿಗೆ ಓಡಿದರು.